ಸೋಮವಾರ ಬಿಟ್ಟರೆ ಬೇರೆ ವಾರ ಕೂಡುವುದಿಲ್ಲ

ನಮ್ಮ ದುಂಡಪ್ಪ ಕಾಕಾ ಪದ ಕಟ್ಟುವುದರಲ್ಲಿ ಎಂಥ ಶ್ರದ್ಧೆಯವನೆಂದರೆ, ಅವನ ಪದ ಮುಗಿಯುವಷ್ಟರಲ್ಲಿ ಪದಕ್ಕೆ ಇದ್ದ ಕಾರಣವೇ ಮುಗಿದುಹೋಗಿರುತ್ತಿತ್ತು. ಮಳೆ ಬರಲೆಂದು ಕಟ್ಟಲು ಕೂತದ್ದು ಸುಗ್ಗಿಗೆ ಸಿದ್ಧವಾಯಿತು. ಒಬ್ಬರ ಮದುವೆಗೆಂದು ಹಿಡಿದದ್ದು ಅವರ ಎರಡನೇ ಕೂಸಿನ ತೊಟ್ಟಿಲಿಗೆ ಬಂತು. ಗೌರವ್ವ ಕಾಕು ನೆರೆಯವರ ಮುಂದೆ ಹೇಳುತ್ತಿದ್ದಳು: "ನನ್ನ ಲಗ್ನಾಗಿ ಇಪ್ಪತ್ತ ವರ್ಷಾತ್ರಿ. ನನ್ನ ಮ್ಯಾಲಿನ ಪದಾ ಇನ್ನೂ ಎರಡನೇ ನುಡಿಗೆ ಬಂದಿಲ್ಲ. ಮೊದಲನೇ ನುಡಿಯಾಗ ನಾ ಇನ್ನೂ ತೆಳ್ಳಗ ಅದೇನಿ."

ಕಾಕಾನ ಹೊಟ್ಟೆಪಾಡು ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ. ಬಟ್ಟಿಯಿಂದ ಹೊರಬಂದ ಹಂಚನ್ನು ಬೆರಳ ಗಂಟಿನಿಂದ ಬಡಿದು ಕೇಳುವುದು ಅವನ ಕೆಲಸ. ಟಣ್ ಅಂದರೆ ಗಟ್ಟಿ, ಠಪ್ ಅಂದರೆ ಸೀಳು. ಸಾಮಾನ್ಯ ಮನುಷ್ಯನಿಗೆ ಇಷ್ಟು ಸಾಕು. ಕಾಕಾ ಒಂದು ದಿನ ಗಟ್ಟಿ ಹಂಚುಗಳದೇ ಒಂದು ದೊಡ್ಡ ಒಟ್ಟಿಲು ಬದಿಗೆ ಹಾಕಿಸಿದ. ಮಾಲೀಕರಾದ ಗುರುಪುತ್ರಪ್ಪ ಸಾಹುಕಾರರು ಬಂದು, "ಇವಕ್ಕೇನಾಗೇತೋ?" ಎಂದು ಕೇಳಿದರು.

"ಹಾರ್ಮೋನಿಯಂ ಪೇಟಿ ಕರಿ ಎರಡಕ್ಕ ಕೂಡವಲ್ವುರೀ ಸಾವ್ಕಾರ್ರ. ಸ್ವರ ಸ್ವಲ್ಪ ಇಳದೈತಿ."

"ಲೇ, ಇವನ್ನ ಮಂದಿ ಮನಿ ಮ್ಯಾಲ ಹೊದಸ್ತಾರೋ, ಪೇಟಿ ಮಾಡಿ ಬಾರಸ್ತಾರೋ?"

ಇಷ್ಟಾದರೂ ಸಾಹುಕಾರರು ಅವನನ್ನು ಬಿಡಿಸಲಿಲ್ಲ. ಅವರಿಗೆ ಪದದ ಹುಚ್ಚು. ಅದೂ ಅಲ್ಲದೆ ಊರಿಗೆ ಕಾಕಾನ ಬಗ್ಗೆ ಸಣ್ಣ ಭಯವಿತ್ತು. ಹಿಂದೊಮ್ಮೆ ಅವನ ಪದವೊಂದರಲ್ಲಿ ಬಟ್ಟಿಯ ಹಳೇ ಹೊಗೆಕೊಳವೆ ಬಾಗಿ ನೆಲ ಮುಟ್ಟಿತ್ತು. ಅದೇ ಮಳೆಗಾಲದಲ್ಲಿ ಅದು ಖರೇನೇ ಬಿತ್ತು. ಎರಡು ವರ್ಷದಿಂದ ಅದನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಜನ, "ಕಾರ್ಣಿಕ ನುಡದ್ಹಂಗ ನುಡದಾನ್ರಿ ದುಂಡಪ್ಪ. ಅಂವನ ಪದಾ ಸುಳ್ಳಾಗೂದುಲ್ಲ" ಎಂದರು. ಹಗ್ಗದ ವಿಷಯ ಯಾರೂ ಎತ್ತಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಚೈತ್ರದಲ್ಲಿ ಈರಯ್ಯ ಮಾಸ್ತರರು ತೀರಿಕೊಂಡರು. ನಮ್ಮಲ್ಲಿ ಹಿರಿಯರು ಲಿಂಗೈಕ್ಯರಾದರೆ ಅವರನ್ನು ವಿಭೂತಿ ಹಚ್ಚಿ ಕೂಡಿಸುತ್ತಾರೆ. ಎದುರಿಗೆ ಭಜನೆಯವರು ಕೂತು ಪದ ಹೇಳುತ್ತಾರೆ. ಹೋದವರ ಹೆಸರು, ಮಾಡಿದ ಒಳ್ಳೆಯ ಕೆಲಸ, ಹೋದ ವಾರ ಎಲ್ಲ ಕೂಡಿಸಿ ಅವರ ಮೇಲೆಯೇ ಒಂದು ಪದ ಕಟ್ಟಿದ್ದರೆ ಮನೆಯವರಿಗೆ ದೊಡ್ಡ ಸಮಾಧಾನ. ಮಾಸ್ತರರ ಪದವನ್ನು ಕಾಕಾ ಅಂದೇ ಹಿಡಿದ. ಅದು ಮುಗಿದದ್ದು ಆಷಾಢ ಹತ್ತಿರ ಬಂದಾಗ. ಮುಗಿದ ಖುಷಿಗೆ ಸೀದಾ ಮಾಸ್ತರರ ಮನೆಗೆ ಹೋದ. ಅಲ್ಲಿ ಮಾಸ್ತರರ ಮೊಮ್ಮಗಳನ್ನು ನೋಡಲು ಹಲಸಿಯಿಂದ ಬೀಗರು ಬಂದು ಅವಲಕ್ಕಿ ತಿನ್ನುತ್ತಿದ್ದರು. ಕಾಕಾ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ, ಈ ಮನೆಯ ದೀಪ ಆರಿದ ಬಗೆಯನ್ನು ಐದು ನುಡಿ ಹಾಡಿ ಕಣ್ಣು ತೆರೆದಾಗ ಅವಲಕ್ಕಿಯ ತಾಟು ಮಾತ್ರ ಉಳಿದಿದ್ದವು. ಸಂಬಂಧ ಹೇಗೋ ಉಳಿಯಿತು. ಕಾಕಾನ ಮಾನ ಉಳಿಯಲಿಲ್ಲ. ಪೇಟೆಯಲ್ಲಿ ಜನ, "ದುಂಡಪ್ಪ, ನಮ್ಮಜ್ಜನ ಪದಾ ಮೊಮ್ಮಗನ ಕಾಲಕ್ಕ ಬಂದೀತೇನೋ?" ಎಂದು ಕೇಳತೊಡಗಿದರು.

ಆಗ ಕಾಕಾ ಒಂದು ತೀರ್ಮಾನಕ್ಕೆ ಬಂದ. ಪದವನ್ನು ಬೇಗ ಕಟ್ಟಲು ತನ್ನಿಂದಾಗದು, ಅದು ಪದಕ್ಕೆ ಮಾಡುವ ಅನ್ಯಾಯ. ಆದರೆ ಬೇಗ ಶುರು ಮಾಡಲು ಏನಡ್ಡಿ?

ಶ್ರಾವಣದ ಮೊದಲಿಗೆ ಗುರುಪುತ್ರಪ್ಪ ಸಾಹುಕಾರರಿಗೆ ಜ್ವರ ಬಂತು. ಮಗ ಬಾಳಪ್ಪ ಅವರನ್ನು ಬೆಳಗಾವಿಯ ದವಾಖಾನೆಗೆ ಸೇರಿಸಿದ. ಕಾಕಾ ಅಂದೇ ಕೆಲಸ ಹಿಡಿದ.

ಎಂಟು ದಿನ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ. ಮಳೆ ಬಂದರೆ ಪಡಸಾಲೆಯಲ್ಲೇ ಸುತ್ತು. ನಾನು ಬಿ.ಎ. ಮುಗಿಸಿ ಮನೆಯಲ್ಲೇ ಕೂತಿದ್ದೆ. ನನ್ನ ಅಕ್ಷರ ದುಂಡಗಿದ್ದವೆಂದು ಕಾಕಾನ ಪದಗಳನ್ನು ಶುದ್ಧ ಪ್ರತಿ ಮಾಡುವ ಹೊಣೆ ನನ್ನದಾಗಿತ್ತು. ಎಂಟನೇ ದಿನಕ್ಕೆ ಒಂದು ನುಡಿ, ನಾಲ್ಕೇ ಸಾಲು, ಕೈಗೆ ಬಂತು.

ನೇಮ ಹಿಡಿದು ನಡೆದಾನ ಗುರುಪುತ್ರ ಧೀರ
ನಾಮ ಊರಾಗ ಇಟ್ಟು ಹೋಗ್ಯಾನ ದೂರ
ಕ್ಷೇಮ ಕೇಳ್ಯಾರ ಮಂದಿ ನೆರೆದು ಮನಿ ಪೂರಾ
ಸೋಮವಾರ ಶಿವನ ಕೂಡ್ಯಾನ ಸಾಹುಕಾರ

"ಕಾಕಾ, ಅವರು ಇನ್ನೂ ಅದಾರಲ್ಲ?" ಎಂದೆ ನಾನು ಮೆಲ್ಲಗೆ.

"ಇರಲೆವಾ, ನೂರು ವರ್ಷ ಇರಲಿ. ನಾ ಏನ್ ಅವಸರ ಮಾಡೇನೇನು? ಪದಾ ತಯಾರ ಇರಲಿ ಅಷ್ಟ. ಗಡಿಗಿ ಮಾಡಿಟ್ರ ನೀರು ಯಾವಾಗರೆ ತುಂಬಬಹುದು."

"ಸೋಮವಾರ ಅಂತ ಹೆಂಗ ಗೊತ್ತಾತು?"

ಕಾಕಾ ನನ್ನ ಪದವಿಯ ಬಗ್ಗೆ ಕನಿಕರಪಟ್ಟು ನನ್ನನ್ನು ನೋಡಿದ. "ನೇಮ, ನಾಮ, ಕ್ಷೇಮ. ಮುಂದ ಯಾವ ವಾರ ಕೂಡ್ತೈತಿ ಹೇಳು? ಮಂಗಳವಾರ ಕೂಡ್ತೈತೇನು? ಬುಧವಾರ ಕೂಡ್ತೈತೇನು? ಸೋಮವಾರ ಬಿಟ್ಟರ ಬ್ಯಾರೇ ವಾರ ಸಾಯೂದು ಈ ಪದದಾಗ ಸಾಧ್ಯನ ಇಲ್ಲ."

ಬುಧವಾರ ನಾವಿಬ್ಬರೂ ಬೆಳಗಾವಿ ರೈಲು ಹತ್ತಿದೆವು. ಸಾಹುಕಾರರ ಕ್ಷೇಮ ಕೇಳುವುದು ಒಂದು ಕೆಲಸ, ಉಳಿದ ನುಡಿಗಳಿಗೆ ಸರಕು ಕೂಡಿಸುವುದು ಇನ್ನೊಂದು. ಕಾಕು ಕೊಟ್ಟ ಮೋಸಂಬಿಯ ಚೀಲದಲ್ಲಿ ಆ ಹಾಳೆಯನ್ನೂ ಮಡಚಿ ಇಟ್ಟಿದ್ದ. ರೈಲಿನ ಡಬ್ಬಿಯಲ್ಲಿ ಕಾಕಾ ಕೂಡ್ರಲಿಲ್ಲ. ಬಾಗಿಲಿಂದ ಬಾಗಿಲಿಗೆ ಓಡಾಡುತ್ತ ಬಂದ. ಟಿಕೀಟು ನೋಡುವವರು ಎರಡು ಸಲ ಅವನ ಟಿಕೀಟು ಕೇಳಿದರು.

ದವಾಖಾನೆಯಲ್ಲಿ ಸಾಹುಕಾರರು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದರು. ಜ್ವರ ಇಳಿದಿತ್ತು. ಅವರ ಹೆಂಡತಿ ಬಸವಣ್ಣೆವ್ವ ಬಾಜೂಕ ಕೂತಿದ್ದರು.

"ಬಾರೋ ದುಂಡಪ್ಪ, ಕುಂದರ. ಆರಾಮ ಅದೇನಿ. ನಾಡದು ಬಿಡ್ತಾರಂತ."

"ಚಲೋ ಆತ್ರೀ," ಅಂದ ಕಾಕಾ. ಆಮೇಲೆ ಮಂಚಕ್ಕೆ ಸುತ್ತು ಹಾಕುತ್ತ ಕೇಳಿದ: "ಮಠಕ್ಕ ದೊಡ್ಡ ಬಾಗಲಾ ಮಾಡಿಸಿಕೊಟ್ಟದ್ದು ಯಾವ ಇಸವಿರೀ? ಬಾಗಲಾ ಸಾಗವಾನಿದೋ, ಹಲಸಿಂದೋ? ನಿಮ್ಮ ಗುರುಗಳ ಹೆಸರು ಪೂರಾ ಹೆಂಗ ಹೇಳ್ತಾರ? ನಿಮಗ ಮೊಮ್ಮಕ್ಕಳು ಒಟ್ಟ ಎಷ್ಟ ಮಂದಿ ಅತ್ತಾರು... ಅಲ್ಲ, ಅದಾರು?"

"ನೋಡ್ರಿ, ಎಷ್ಟ ಕಾಳಜಿಯಿಂದ ಕೇಳ್ತಾನ!" ಎಂದು ಬಸವಣ್ಣೆವ್ವ ಕಣ್ಣಂಚು ಒರೆಸಿಕೊಂಡರು.

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಕಾಕಾ ನಿಂತ. ಎಂಟು ದಿನದಲ್ಲಿ ಮೊದಲ ಸಲ ಅವನ ಕಾಲು ನಿಂತದ್ದು. "ಹಾಳಿ?" ಎಂದ.

ನಾವು ಓಡುತ್ತ ಮೇಲೆ ಹೋಗುವಷ್ಟರಲ್ಲಿ ಚೀಲ ಖಾಲಿಯಾಗಿತ್ತು. ಓದಲು ಬಾರದ ಬಸವಣ್ಣೆವ್ವ ಹಾಳೆಯನ್ನು ಮಂತ್ರವೋ ಔಷಧದ ಚೀಟಿಯೋ ಎಂದು ಕಂಪೌಂಡರನ ಕೈಗೆ ಕೊಟ್ಟಿದ್ದರು. ಅವನು ಕಂಚಿನ ಕಂಠದವನು. ವಾರ್ಡಿನ ಅಷ್ಟೂ ಮಂಚಗಳಿಗೆ ಕೇಳುವಂತೆ ಕೊನೆಯ ಸಾಲು ಓದಿ ಮುಗಿಸಿದ.

ಬಾಜೂ ಮಂಚದ ರೋಗಿ ಸಾಹುಕಾರರ ಕಡೆಗಿದ್ದ ತನ್ನ ತಲೆದಿಂಬನ್ನು ಮಂಚದ ಆಚೆ ತುದಿಗೆ ಹಾಕಿಕೊಂಡ. ಸಾಹುಕಾರರು ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದರು:

"ಯಾವ ಸೋಮವಾರ?"

ಮರುದಿನವೇ ಅವರು ಹಟ ಹಿಡಿದು ಖಾನಾಪುರಕ್ಕೆ ಬಂದುಬಿಟ್ಟರು. ಡಾಕ್ಟರರು, "ನಿಮಗೇನೂ ಆಗಿಲ್ಲ" ಎಂದರಂತೆ. "ನಿಮ್ಮ ಕಾಗದದಾಗ ಆಗಿಲ್ಲರೀ, ದುಂಡಪ್ಪನ ಕಾಗದದಾಗ ಆಗೇತಿ" ಎಂದರಂತೆ ಸಾಹುಕಾರರು. ಹೋಗುವುದಾದರೆ ತನ್ನ ಹಂಚಿನ ಕೆಳಗೇ ಹೋಗಬೇಕು ಎಂಬುದು ಅವರ ಹಂಬಲ.

ಅವರಿಗಿಂತ ಮೊದಲೇ ಪದ ಊರು ತಲುಪಿತ್ತು. ಕಂಪೌಂಡರ ಖಾನಾಪುರದ ದಾರಿಯಲ್ಲಿರುವ ಮಚ್ಛೆ ಊರಿನವನು. ಅವನು ಬಸ್ಸಿನಲ್ಲಿ ಹಾಡಿದ್ದನ್ನು ಕಂಡಕ್ಟರ ಕಲಿತು ತಂದಿದ್ದ. ನಡೆ ಅಷ್ಟು ಚಲೋ ಇತ್ತು, ಒಮ್ಮೆ ಕೇಳಿದರೆ ನಾಲಿಗೆ ಬಿಡುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಕೊಡ ತಿಕ್ಕುತ್ತ, "ಸೋಮವಾರ ಶಿವನ ಕೂಡ್ಯಾನ" ಅಂತ ಗುನುಗುತ್ತಿದ್ದರು. ಎದುರಿಗೆ ಸಾಹುಕಾರರ ಗಾಡಿ ಹಾದುಹೋಯಿತು. ಸೆರಗು ಬಾಯಿಗೆ ಹಿಡಿದರು. ಗಾಡಿ ದಾಟಿದ ಮೇಲೆ ಬಿಟ್ಟಲ್ಲಿಂದ ಮತ್ತೆ ಹಿಡಿದರು.

ಅರ್ಧ ತಾಸಿನಲ್ಲಿ ಬಾಳಪ್ಪ ನಮ್ಮ ಅಂಗಳದಲ್ಲಿದ್ದ. ನಾನು ಅಡುಗೆಮನೆಯ ಬಾಗಿಲ ಹಿಂದೆ ಸರಿದೆ. ಅಕ್ಷರ ನನ್ನವಲ್ಲವೇ.

"ದುಂಡಪ್ಪಾ, ಆ ಸಾಲು ಬದಲ ಮಾಡು."

"ಬಾಳಪ್ಪಣ್ಣಾರ, ಮೂರು ಸಾಲು ಅದರ ಮ್ಯಾಲ ನಿಂತಾವ್ರಿ. ಅದನ್ನ ಎಳದ್ರ ಎಲ್ಲಾ ಬೀಳ್ತಾವು."

"ಎಳೀಲಿಲ್ಲಂದ್ರ ನಮ್ಮಪ್ಪ ಬೀಳ್ತಾನಲ್ಲೋ!" ಎಂದು ಬಾಳಪ್ಪ ದವಾಖಾನೆಯಿಂದ ತಂದಿದ್ದ ಹಾಳೆಯನ್ನು ಕಾಕಾನ ಕಣ್ಣೆದುರು ಹರಿದು ಚೂರು ಮಾಡಿದ. ಆಗ ಹೊರಗೆ ರಸ್ತೆಯಲ್ಲಿ ಸೈಕಲ್ಲಿನವನೊಬ್ಬ ಅದನ್ನೇ ಹಾಡುತ್ತ ಹೋದ. ಬಾಳಪ್ಪ ಕೈಯಲ್ಲಿದ್ದ ಚೂರುಗಳನ್ನು ನೋಡಿಕೊಂಡ. ನಂತರ ಪೊಲೀಸರ ಹತ್ತಿರ ಹೋದ.

ಹವಾಲ್ದಾರ ಸತ್ಯಪ್ಪ ಬಂದು ಹೊಸ ಪ್ರತಿ ಕೇಳಿದ. ನಾನು ಬಾಗಿಲ ಹಿಂದಿನಿಂದ ಕೈ ಚಾಚಿ ಕೊಟ್ಟೆ. ಅವನು ಮೂರು ಸಲ ಓದಿ, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

"ಬಾಳಪ್ಪನವರ, ಮನಶ್ಯಾನ್ನ ಮುಂಗಡ ಸಾಯಿಸಿದ್ದಕ್ಕ ಕಲಮು ಇಲ್ರೀ ನಮ್ಮಲ್ಲಿ. ಸೋಮವಾರ ಏನರೆ ಆದ್ರ ಬರ್ರಿ, ಬರಕೋತೇನಿ. ದುಂಡಪ್ಪಾ, ಲಗಾಮ ಅಂತ ಹಾಕಿದ್ರ ಕೂಡಾಕಿಲ್ಲೇನು?"

"ಯಾರ ಲಗಾಮ್ರೀ?"

"ಅದನ್ನ ನೀ ನೋಡ್ಕೋ. ನಾ ಒಂದು ಸೂಚನಾ ಕೊಟ್ಟೆ."

ಆ ಸಂಜೆ ಸಾಹುಕಾರರು ಕಾಕಾನನ್ನು ಕರೆಸಿದರು. ಬೈಯುತ್ತಾರೆಂದು ನಾನೂ ಕಾಕೂನೂ ಹಿಂದೆ ಹೋದೆವು. ಅವರು ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ನಾನು ಹವಾಲ್ದಾರನಿಗೆ ಕೊಟ್ಟ ಪ್ರತಿ ಅವರ ಕೈಯಲ್ಲಿತ್ತು.

"ಅಕ್ಷರ ಯಾರವು?"

ನಾನು ಕಾಕುವಿನ ಬೆನ್ನಿಗೆ ಅಂಟಿದೆ.

"ಚಲೋ ಅದಾವ. ನನ್ನ ಸಾವು ಮುತ್ತಿನ್ಹಂಗ ಕಾಣಾಕತ್ತೈತಿ. ದುಂಡಪ್ಪಾ, ಪದಾ ಭಾಳ ಛಂದ ಐತಿ. ಅದಕ್ಕ ನನಗ ಅಂಜಿಕಿ. ಹರದ್ರ ಹೋಗೂದುಲ್ಲ, ಊರ ಬಾಯಾಗ ಕುಂತೈತಿ. ಇದರಕಿಂತಾ ಚಲೋ ಸಾಲು ಬಂದ್ರ ಅಷ್ಟ ಇದು ಇಳಿದೀತು. ಸೋಮವಾರದೊಳಗ ತಾ. ತರಲಿಲ್ಲಂದ್ರ ಮಂಗಳವಾರ ನೀ ಕಾರ್ಖಾನಿಗೆ ಬರಬ್ಯಾಡ. ನಾ ಅಂತೂ ಇರೂದಿಲ್ಲ, ಬಾಳಪ್ಪ ನಿನ್ನ ಇಟ್ಟಕೊಳ್ಳೂದುಲ್ಲ."

ನಾಲ್ಕು ದಿನದಲ್ಲಿ ಒಂದು ಸಾಲು! ಕಾಕಾ ತನ್ನ ಜನ್ಮದಲ್ಲೇ ಇಂಥ ಅವಸರ ಕಂಡಿರಲಿಲ್ಲ. ಶುಕ್ರವಾರ ಹಂಚು ಬಡಿಯುತ್ತ ನೇಮ, ನಾಮ, ಕ್ಷೇಮ ಅನ್ನುತ್ತಿದ್ದವನು ಮೂರು ಗಟ್ಟಿ ಹಂಚು ಒಡೆದ. ಶನಿವಾರ ಕಾರ್ಖಾನೆಯಲ್ಲಿ ಉಣ್ಣಲು ಕೂತು, ಬುತ್ತಿ ಬಿಚ್ಚಿ, ಮತ್ತೆ ಕಟ್ಟಿ, ಎದ್ದು ನಡೆದ. ರಾತ್ರಿ ಮನೆಯಲ್ಲಿ ಕಾಕು ತಾಟು ಹಿಡಿದು ಹಿಂದೆ ಹಿಂದೆ ಅಂಗಳ ಸುತ್ತಿ, ಅವನು ತಿರುಗಿದಾಗಲೊಮ್ಮೆ ಒಂದು ತುತ್ತು ಬಾಯಿಗಿಟ್ಟಳು.

ಊರಿಗೂ ಆ ರೋಗ ಹತ್ತಿತು. ಯಾರು ಯಾರನ್ನು ಕಂಡರೂ 'ಮ' ಹುಡುಕುತ್ತಿದ್ದರು. ಅಂಚೆಯವನು ಪತ್ರದ ಜೊತೆ 'ಹೋಮ' ಕೊಟ್ಟುಹೋದ. "ಜ್ವರ ಬಂದವಗ ಹೋಮಾ ಮಾಡಿಸಿ ಹೊಗಿ ಕುಡಿಸಲೇನು?" ಎಂದು ಕಾಕಾ ತಳ್ಳಿಹಾಕಿದ. ಎದುರುಮನೆಯ ಮರಾಠಿ ದರ್ಜಿ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದ.

"ದುಂಡಪ್ಪಾ, ಕಾಮ ಹಾಕು! ಕಾಮ್ ಮ್ಹಣಜೇ ಕೆಲಸಾ. ಸಾವ್ಕಾರ ಭಾಳ ಕೆಲಸಾ ಮಾಡ್ಯಾರ. ಬರೋಬರ ಬಸ್ತಂಯ, ಸರಿ ಕೂಡ್ತೈತಿ!"

"ನಿನಗ ಕೆಲಸಾ ಆತಪಾ. ಕನ್ನಡದಾಗ ಅರವತ್ತನಾಕ್ರ ಸಾವ್ಕಾರಗ ಕಾಮ ಹಚ್ಚಿದ್ರ ಬಸವಣ್ಣೆವ್ವಾರು ನನ್ನ ಸೋಮವಾರಕ್ಕ ಕಳಸ್ತಾರ."

ರವಿವಾರ ಸಾಹುಕಾರರ ತಂಗಿ ಮಾಯಕ್ಕ ಗುಂಜಿಯಿಂದ ರೈಲಿನಲ್ಲಿ ಬಂದಳು. ಹಾಸಿಗೆ ಸುರುಳಿಯ ಸಮೇತ. ಹೊಸ್ತಿಲಲ್ಲೇ ಕೂತು ಎದೆ ಬಡಿದುಕೊಂಡಳು: "ಅಣ್ಣಾ, ನನ್ನ ಬಿಟ್ಟ ಹ್ವಾದ್ಯೇನೋ!"

"ಇನ್ನೂ ಇಲ್ಲ," ಎಂದರು ಸಾಹುಕಾರರು ಒಳಗಿನಿಂದ. "ಚಾ ಕುಡ್ಯಾಕತ್ತೇನಿ. ನೀನೂ ಬಾ."

ಮಾಯಕ್ಕ ಕಣ್ಣೊರೆಸಿಕೊಂಡು ಚಾ ಕುಡಿದು, "ಮಂಗಳವಾರ ನಮ್ಮ ಗದ್ದಿ ನಾಟಿ ಐತಿ. ಅದಕ್ಕ ಕೇಳೂದು, ಸೋಮವಾರ ಎಷ್ಟಕ್ಕಂತ?" ಎಂದಳು.

"ಪದದಾಗ ಗಂಟಿ ಹಾಕಿಲ್ಲ."

ಸೋಮವಾರ ಬೆಳಗಾಯಿತು. ಊರಿಗೆ ಊರೇ ಸಾಹುಕಾರರ ಮನೆಯಲ್ಲಿತ್ತು. ಕಾರ್ಖಾನೆಗೆ ಸೂಟಿ. ಭಜನೆಯವರು ತಾಳ, ಪೇಟಿ ಹಿಡಿದು ಬಂದು, ಎಲ್ಲಿ ಕೂಡ್ರಬೇಕೆಂದು ತಿಳಿಯದೆ ಅಂಗಳದ ಅಂಚಿನಲ್ಲಿ ಕೂತರು. ಹವಾಲ್ದಾರ ಸತ್ಯಪ್ಪ ಬರೆದುಕೊಳ್ಳುವ ಪುಸ್ತಕ ತಂದಿದ್ದ. ಸಾಹುಕಾರರು ಜಳಕ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿ, ಮಡಿಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಮೂರನೇ ಸಾಲು ಅಕ್ಷರಶಃ ಖರೇ ಆಗಿತ್ತು. ಮಂದಿ ನೆರೆದು ಮನೆ ಪೂರಾ ಕ್ಷೇಮ ಕೇಳುತ್ತಿದ್ದರು.

"ಹೆಂಗದೀರಿ ಸಾವ್ಕಾರ್ರ? ಆರಾಮ ಅದೀರೇನ್ರಿ?"

"ಆರಾಮ ಅದೇನಿ."

"ಆರಾಮರೀ?"

"ಆರಾಮ."

ಸಾಲು ಬಾಗಿಲಿಂದ ರಸ್ತೆಯವರೆಗೆ ಇತ್ತು. ಒಬ್ಬೊಬ್ಬರೂ ಬಂದು ಕೈಮುಗಿದು, ಅದನ್ನೇ ಕೇಳಿ, ಹೋಗದೆ ಬಾಜೂಕ ನಿಂತು ಮುಖ ನೋಡುತ್ತಿದ್ದರು. ಕಾಕಾ ಮಾತ್ರ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದ. ಗಡ್ಡ ಬೆಳೆದಿತ್ತು. ಕೈ ಖಾಲಿ. ಬಾಳಪ್ಪ ಅವನ ಜೊತೆಜೊತೆಗೇ ತಿರುಗುತ್ತ, "ಬಂತೇನು? ಬಂತೇನೋ?" ಎನ್ನುತ್ತಿದ್ದ.

"ಬರಾಕತ್ತಿತ್ತು, ನೀವು ಮಾತಾಡಿಸಿದ್ರಿ, ಹೋತು."

ಊಟದ ಹೊತ್ತಿಗೆ ಸಾಹುಕಾರರ ಸಹನೆ ಮುಗಿಯಿತು. ಯಾರೋ ಪಾಪ, ಸಾಲಿನ ಕೊನೆಯವನು, ಬಾಯಿ ತೆರೆದ.

"ಸಾವ್ಕಾರ್ರ, ಆರಾಮ..."

"ಆರಾಮ ಅದೇನಂತ ಎಷ್ಟು ಸಲ ಹೇಳೂದಲೇ!" ಎಂದು ಸಾಹುಕಾರರು ಗುಡುಗಿದರು.

ಗುಡುಗಿ, ಕೂತಲ್ಲೇ ಹಾಗೇ ಉಳಿದುಬಿಟ್ಟರು. ಬಾಯಿ ತೆರೆದೇ ಇತ್ತು. ಕಣ್ಣು ಮೇಲಕ್ಕೆ. ಮಾಯಕ್ಕ, "ಅಯ್ಯಯ್ಯೋ ಅಣ್ಣಾ!" ಎಂದು ಶುರು ಮಾಡಿಯೇಬಿಟ್ಟಳು. ಹವಾಲ್ದಾರ ಗಡಿಯಾರ ನೋಡಿ ಪುಸ್ತಕ ತೆರೆದ.

"ಸುಮ್ಕಿರಽ!" ಎಂದರು ಸಾಹುಕಾರರು ತಂಗಿಗೆ. ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. "ದುಂಡ್ಯಾ! ಇಲ್ಲಿ ಬಾ. ಕೇಳು."

ಅವರು ಹಾಡಿದರು. ನಡೆ ಎಲ್ಲೂ ತಪ್ಪಲಿಲ್ಲ.

ನೇಮ ಹಿಡಿದು ನಡೆದಾನ ಗುರುಪುತ್ರ ಧೀರ
ನಾಮ ಊರಾಗ ಇಟ್ಟು ಹೋಗ್ಯಾನ ದೂರ
ಕ್ಷೇಮ ಕೇಳ್ಯಾರ ಮಂದಿ ನೆರೆದು ಮನಿ ಪೂರಾ
ಆರಾಮ ಅದೇನಂತ ಕುಂತಾನ ಸಾಹುಕಾರ

"ಹೋಗ್ಯಾನ ದೂರ ಅಂದ್ರ ಬೆಳಗಾವಿಗೆ. ದವಾಖಾನಿಗೆ," ಎಂದು ಸೇರಿಸಿದರು. "ಮೂರೂ ಸಾಲು ಹಂಗ ಅದಾವ. ಒಂದು ಅಕ್ಷರ ನಾ ಮುಟ್ಟಿಲ್ಲ."

ಬಾಳಪ್ಪ ಕುಣಿಯುವುದೊಂದು ಬಾಕಿ. ಬಸವಣ್ಣೆವ್ವ ಕೈಮುಗಿದರು. ಜನ ಹೋ ಎಂದರು. ಕಾಕಾ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ.

"ತಡೀರಿ. ನೇಮ, ನಾಮ, ಕ್ಷೇಮ... ಆರಾಮ. ಮುಂದ ಒಂದು 'ಆ' ಹೆಚ್ಚಿಗಿ ಆತ್ರಿ."

ಬಾಳಪ್ಪ ಅವನ ಕೊರಳಪಟ್ಟಿಗೆ ಕೈ ಹಾಕಿದ. "ಒಂದು 'ಆ' ಸಲುವಾಗಿ ನಮ್ಮಪ್ಪನ್ನ ಕೊಲ್ತೀ ಏನಲೇ?"

"ಬಿಡೋ ಅವನ್ನ," ಎಂದರು ಸಾಹುಕಾರರು. "ಅಂವ ಖರೇ ಕೇಳ್ಯಾನ. ಐದು ದಿನಾ ಮಲಗಿ ಮಲಗಿ ನಾ ಇದನ್ನ ಬಿಟ್ಟು ಬ್ಯಾರೇ ಏನ್ ಮಾಡೇನಿ? ದುಂಡಪ್ಪಾ, ಆ 'ಆ' ರಾಗಕ್ಕ ಬಿಡು. ಮೂರನೇ ಸಾಲಿನ ಬಾಲದಾಗ ಎಳಕೋ. ಆಽಽಽ... ರಾಮ. ನೇಮ, ನಾಮ, ಕ್ಷೇಮ, ರಾಮ."

ಕಾಕಾ ಕಣ್ಣು ಮುಚ್ಚಿದ. ತುಟಿ ಅಲುಗಿತು. ಬೆರಳ ಗಂಟಿನಿಂದ ಕಟ್ಟೆಯ ಕಲ್ಲನ್ನು ನಾಲ್ಕು ಸಲ ಬಡಿದು ಕಿವಿಗೊಟ್ಟ, ಹಂಚು ಪರೀಕ್ಷೆ ಮಾಡಿದ ಹಾಗೆಯೇ.

"ಟಣ್ ಅಂತೈತಿ," ಎಂದ ಕಾಕಾ. ಸಾಹುಕಾರರ ಕಾಲು ಮುಟ್ಟಿದ. "ಊರ ಮಂದಿ ದಿನಾ ನೂರು ಸಲ ಅನ್ನೂ ಮಾತು. ನನ್ನ ಕಿವಿಗೆ ಬೀಳಲೇ ಇಲ್ಲರೀ ಸಾವ್ಕಾರ್ರ!"

ಭಜನೆಯವರಿಗೆ ಕೊನೆಗೂ ಕೂಡ್ರಲು ಜಾಗ ಸಿಕ್ಕಿತು. ತಾಳ ಬಿದ್ದವು. ಅಂಗಳವೆಲ್ಲ 'ಆ' ಎಂದು ಎಳೆದು 'ರಾಮ' ಎಂದು ಇಳಿಯಿತು. ಹವಾಲ್ದಾರ ಸತ್ಯಪ್ಪ ತೆರೆದ ಪುಸ್ತಕ ಖಾಲಿ ಒಯ್ಯಬಾರದೆಂದು ಪದವನ್ನು ಬರೆದುಕೊಂಡ. ಮಾಯಕ್ಕ ಮಾತ್ರ ಹಾಸಿಗೆ ಸುತ್ತುತ್ತ, "ಹಂಗಾರ ನಾಟಿ ಮುಂದ ಇಟ್ಟಕೊಂಡ ಬಂದಿದ್ದು ಸುಳ್ಳ ಆತೇನು?" ಎಂದು ಅಣ್ಣನನ್ನು ಕೇಳಿದಳು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಸಾಹುಕಾರರಿಗೆ ರುಚಿ ಹತ್ತಿಬಿಟ್ಟಿತ್ತು. ಕಾರ್ಖಾನೆಯನ್ನು ಬಾಳಪ್ಪನಿಗೆ ಒಪ್ಪಿಸಿ, ಕಿಸೆಯಲ್ಲಿ ಒಂದು ವಹಿ ಇಟ್ಟುಕೊಂಡು ದಿನಾ ಸಂಜೆ ನಮ್ಮ ಮನೆಗೆ ಬರತೊಡಗಿದರು. ಈಗ ಅಂಗಳದಲ್ಲಿ ಇಬ್ಬರು ಸುತ್ತುತ್ತಾರೆ, ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ. ಎದುರಾದಾಗೊಮ್ಮೆ ಇಬ್ಬರಿಗೂ ಹೊಳೆಯುತ್ತಿದ್ದದ್ದು ಹಾರಿಹೋಗುತ್ತದೆ. ಶುದ್ಧ ಪ್ರತಿಯ ಕೆಲಸ ನನಗೆ ಎರಡರಷ್ಟಾಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಸಾಹುಕಾರರು ಬಹಳ ಗಂಭೀರವಾಗಿ ಬಂದು ಕಟ್ಟೆಯ ಮೇಲೆ ಕೂತರು.

"ದುಂಡಪ್ಪಾ, ನಿನ್ನ ಮ್ಯಾಲ ಒಂದು ಪದಾ ಹಿಡದೇನಿ. ನಿನ್ಹಂಗ ನಾನೂ ತಯಾರ ಇಟ್ಟರ ಚಲೋ ಅಂತ. ಒಂದು ನುಡಿ ಮುಗದೈತಿ. ಚಕ್ರದ್ಹಂಗ ತಿರುಗಿದಿ ನೀ ಅಂಗಳದ ಪೂರಾ, ವಕ್ರಬುದ್ಧಿ ಬಿಡಲಿಲ್ಲ ಹಂಚಿನ ಸರದಾರ. ಕಡೀ ಸಾಲಿನಾಗ..." ಅವರು ಸ್ವಲ್ಪ ಹಿಂದೆ ಮುಂದೆ ನೋಡಿದರು. "ಶುಕ್ರವಾರ ಬಂದೈತಿ."

ಅಡುಗೆಮನೆಯಿಂದ ಗೌರವ್ವ ಕಾಕು ಕೈಯಲ್ಲಿ ಸವಟು ಹಿಡಿದೇ ಹೊರಗೆ ಬಂದಳು.

"ಯಾವ ಶುಕ್ರವಾರ?"

ಕಾಕಾ ಕಣ್ಣು ಮುಚ್ಚಿದ್ದ. ಬೆರಳು ಕಟ್ಟೆ ಬಡಿಯುತ್ತಿತ್ತು. ಚಕ್ರ, ವಕ್ರ, ಶುಕ್ರ.

"ಸುಮ್ಕಿರ ಗೌರಿ," ಎಂದ. "ಕೂಡೇತಿ."